ಕಾಂಚನಾಳ ಕೋಣೆಗೆ ಹಳದಿ ಬಣ್ಣ

ಬಾಗಿಲು ತೆರೆದವನು ಅವನೇ!

ಎಷ್ಟೋ ತಿಂಗಳ ಮೇಲೆ ಗಂಡನ ಮುಖ... ಎಡಗೆನ್ನೆಯ ಮೇಲೆ ಹಳದಿ ಬಣ್ಣ, ಹಳೆಯ ಅಂಗಿಯ ಮೇಲೆಲ್ಲ ಹಳದಿ ಚುಕ್ಕೆ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕಾರ್ಖಾನೆಗಳ ಪಕ್ಕದ ಆ ಕಟ್ಟಡದ ಮೂರು ಮಹಡಿ ಹತ್ತುವಾಗ ಕಾಂಚನಾ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಮರೆತೇಹೋದವು.

"ಬಂದಿ?" ಎಂದ ಬಸವಕುಮಾರ್.

"ಅತ್ತಿ ಕರದಿದ್ರು. ಅದಕ್ಕ ಬಂದೀನಿ."

ನಿಮಗಾಗಿ ಬಂದಿಲ್ಲ ಎಂಬುದು ಅದರ ಅರ್ಥ. ಅವನಿಗೂ ಅದು ತಿಳಿಯಿತು. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳ ಬ್ಯಾಗ್ ತೆಗೆದುಕೊಳ್ಳಲು ಕೈ ಚಾಚಿದವನು, ತನ್ನ ಬೆರಳ ಬಣ್ಣ ನೋಡಿ ಹಿಂದಕ್ಕೆ ಎಳೆದುಕೊಂಡ.

'ಬ್ಯಾಗ್ ಸೈತ ಮುಟ್ಟವಲ್ರು!'

ಆಗಲೇ ಒಳಗಿನಿಂದ ಒಂದು ನಗು ಕೇಳಿಸಿತು. ಹೆಣ್ಣಿನ ನಗು.

"ಬಸೂ! ಎಲ್ಲಿ ಹೋದ್ರಿ? ಬೇಗ ಬನ್ನಿ, ಡಬ್ಬ ಜಾರ್ತಿದೆ!"

ಬಸೂ?!

ಕಾಂಚನಾಳ ಎದೆಯಲ್ಲಿ ಏನೋ ಚುರ್ ಎಂದಿತು. ಆ ದನಿ ಬಂದದ್ದು ಅಡುಗೆಮನೆಯಿಂದಲ್ಲ, ಹಾಲ್‌ನಿಂದಲೂ ಅಲ್ಲ. ಅವಳ ಕೋಣೆಯಿಂದ! ಮದುವೆಯಾಗಿ ಬಂದಾಗಿನಿಂದ ಅವಳೂ ಅವನೂ ಮಲಗುತ್ತಿದ್ದ ಕೋಣೆಯಿಂದ!

ಚಪ್ಪಲಿ ಬಿಟ್ಟವಳೇ ನೇರ ಅಲ್ಲಿಗೆ ನಡೆದಳು.

ಮಂಚ ಇರಲಿಲ್ಲ. ಕಪಾಟು ಇರಲಿಲ್ಲ. ನೆಲದ ತುಂಬ ಹಳೆ ಪೇಪರ್ ಹಾಸಿದ್ದರು. ಗೋಡೆಗಳೆಲ್ಲ ಎಳೆ ಬಿಸಿಲಿನಂಥ ಹಳದಿ. ಸ್ಟೂಲಿನ ಮೇಲೆ ನಿಂತು ಒಬ್ಬ ಹುಡುಗಿ ಗೋಡೆಗೆ ಹಸಿರು ಗಿಣಿ ಬರೆಯುತ್ತಿದ್ದಳು. ಕತ್ತರಿಸಿದ ಗಿಡ್ಡ ಕೂದಲು, ಜೀನ್ಸ್, ಮೂಗಿನ ತುದಿಗೂ ಬಣ್ಣ.

"ಅಯ್ಯೋ, ನೀವೇ ಕಾಂಚನಾ ಅಕ್ಕ ಅಲ್ವಾ? ಹಾಯ್! ನಾನು ಗಗನಾ. ನಿಮ್ಮ ಮೈದುನ ಶಶಿ ಆಫೀಸಲ್ಲಿ ಕೆಲಸ ಮಾಡ್ತೀನಿ. ಬೆಂಗಳೂರವಳು, ಇಲ್ಲಿ ನವಿ ಮುಂಬೈ ಸೀವುಡ್ಸ್‌ನಲ್ಲಿ ಮನೆ ಮಾಡ್ಕೊಂಡಿದೀನಿ."

ಕಾಂಚನಾಳ ಕಣ್ಣು ಕಿಟಕಿ ಪಕ್ಕದ ಗೋಡೆಯನ್ನು ಹುಡುಕುತ್ತಿತ್ತು. ಅಲ್ಲಿ ಅರ್ಧ ಗೋಡೆ ನೀಲಿ ಇರಬೇಕಿತ್ತು...

ಇರಲಿಲ್ಲ. ಅದೂ ಹಳದಿ.

'ಅಳಿಸಿಬಿಟ್ರು. ಅದನ್ನೂ ಅಳಿಸಿಬಿಟ್ರು!'

ಹಿಂದೆ ಬಂದು ನಿಂತ ಬಸವಕುಮಾರ್ ಮೆಲ್ಲಗೆ ಹೇಳಿದ, "ಈ ಖೋಲಿ ಶಶಿ ಕೂಸಿಗೆ ಅಂತ ಮಾಡಾಕತ್ತೀವಿ. ಆ ಕಡೆ ಖೋಲ್ಯಾಗ ಫ್ಯಾಕ್ಟರಿ ವಾಸನಿ ಬರ್ತೈತಲ್ಲ..."

"ಛಲೋ ಆತು," ಎಂದಳು ಕಾಂಚನಾ. ಅಷ್ಟೇ.

* * *

ಆ ನೀಲಿಯ ಕಥೆ ಮನೆಯವರಿಗೆಲ್ಲ ಗೊತ್ತಿತ್ತು. ಬಾಯಿಬಿಟ್ಟು ಮಾತ್ರ ಯಾರೂ ಆಡುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಈ ಮನೆಯ ಇಬ್ಬರೂ ಸೊಸೆಯರು ಬಸುರಿಯರಾಗಿದ್ದರು. ಹಿರಿಯವಳು ಕಾಂಚನಾ, ಕಿರಿಯವಳು ಶಶಿಯ ಹೆಂಡತಿ ಪೂನಂ. ಬಸವಕುಮಾರನಿಗೆ ಎಷ್ಟು ಸಂಭ್ರಮವೆಂದರೆ, ಕಾಂಚನಾಳಿಗೆ ನಾಲ್ಕು ತಿಂಗಳು ತುಂಬುತ್ತಲೇ ನೀಲಿ ಬಣ್ಣ ತಂದು ಗೋಡೆ ಬಳಿಯಲು ನಿಂತುಬಿಟ್ಟಿದ್ದ. "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಬಾರದೋ ಬಸು," ಎಂದು ಅವನ ತಾಯಿ ರುದ್ರವ್ವ ಗದರಿದ್ದಳು. ಅವನು ನಕ್ಕಿದ್ದ.

ಅರ್ಧ ಗೋಡೆ ಮುಗಿದಿತ್ತು. ಐದನೇ ತಿಂಗಳಲ್ಲಿ ಕಾಂಚನಾಳ ಕೂಸು ಹೊಟ್ಟೆಯಲ್ಲೇ ಹೋಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಅವನು ಆ ವಿಷಯ ಎತ್ತಲಿಲ್ಲ. ಅಳಲಿಲ್ಲ. ಮರುದಿನವೇ ಕಾರ್ಖಾನೆಯ ಡ್ಯೂಟಿಗೆ ಹೋದ. ಅವಳು ಗೋಡೆಗೆ ಮುಖ ಮಾಡಿ ಅಳುವಾಗ ಮಂಚದ ತುದಿಯಲ್ಲಿ ಕಲ್ಲಿನಂತೆ ಕೂತಿರುತ್ತಿದ್ದ. ಪಕ್ಕದ ಕೋಣೆಯಲ್ಲಿ ಪೂನಂಳ ಹೊಟ್ಟೆ ಮಾತ್ರ ದಿನದಿನಕ್ಕೆ ಬೆಳೆಯುತ್ತಿತ್ತು...

ಒಂದು ದಿನ ಕಾಂಚನಾಳ ತಾಳ್ಮೆ ಹರಿಯಿತು. "ನಾ ನಮ್ಮವ್ವನ ಮನಿಗೆ ಹೋಗ್ತೀನಿ. ನೀವು ಬರಬ್ಯಾಡ್ರಿ. ನಿಮ್ಮ ಮುಖಾ ತೋರಿಸಬ್ಯಾಡ್ರಿ ನನಗ!" ಎಂದು ಕಿರುಚಿ ಕಲ್ಯಾಣಕ್ಕೆ ಹೊರಟುಹೋಗಿದ್ದಳು.

ಅವನು ನಿಜವಾಗಿಯೂ ಬರಲಿಲ್ಲ! ಡೊಂಬಿವಲಿಯಿಂದ ಕಲ್ಯಾಣಕ್ಕೆ ಲೋಕಲ್‌ನಲ್ಲಿ ಎಷ್ಟು ಹೊತ್ತು? ಒಂದು ಚಹಾ ಆರುವಷ್ಟು ಹೊತ್ತು. ಅಷ್ಟು ದೂರ ಬರಲಿಲ್ಲ ಆ ಮನುಷ್ಯ.

ಪೂನಂ ಥಾಣೆಯ ತವರಿನಲ್ಲಿ ಹೆಣ್ಣು ಕೂಸು ಹೆತ್ತಳು. ಈ ಐತವಾರ ಕೂಸಿನ ಜೊತೆ ಮನೆಗೆ ಬರುವವಳಿದ್ದಳು. ರುದ್ರವ್ವ ಫೋನ್ ಮಾಡಿ, "ಹಿರಿ ಸೊಸಿ ನೀನ ಆರತಿ ಬೆಳಗಬೇಕವಾ. ನೀ ಇಲ್ಲದ ನಾ ಕೂಸಿನ್ನ ಹೊಸ್ತಿಲಾ ದಾಟಿಸಿಕೊಳ್ಳಾಂಗಿಲ್ಲ," ಎಂದಿದ್ದಳು.

ಅದಕ್ಕೇ ಬಂದಿದ್ದಳು ಕಾಂಚನಾ. ಎರಡು ದಿನ ಹಲ್ಲು ಕಚ್ಚಿ ಇದ್ದು, ಆರತಿ ಮಾಡಿ ಹೋಗಿಬಿಡಬೇಕು ಎಂದುಕೊಂಡಿದ್ದಳು.

ಈ ಗಗನಾ ಎಂಬವಳು ಇರುತ್ತಾಳೆಂದು ಅವಳಿಗೇನು ಗೊತ್ತು!

* * *

ಮನೆಯಲ್ಲಿ ಶನಿವಾರವೆಲ್ಲ ಗದ್ದಲವೋ ಗದ್ದಲ.

ಮೈದುನ ಶಶಿಕಾಂತ್ ಹಳೆಯ ಮರದ ತೊಟ್ಟಿಲು ಉಜ್ಜುತ್ತ ಕೂತಿದ್ದ. ರುದ್ರವ್ವ ಹಾಲ್ ತುಂಬ ಹಳೆ ಸೀರೆಗಳನ್ನು ಹರಡಿಕೊಂಡು ಮೊಮ್ಮಗಳಿಗೆ ಕೌದಿ ಹೊಲಿಯುತ್ತಿದ್ದಳು. ಕುಪ್ಪಸದ ತುಂಡುಗಳಿಂದ ಪುಟ್ಟ ಪುಟ್ಟ ಹಕ್ಕಿ ಹೊಲಿದು, ಒಳಗೆ ಹತ್ತಿ ತುಂಬಿ, ತೊಟ್ಟಿಲ ಮೇಲೆ ತೂಗಬಿಡುವ ಕೆಲಸ ಕಾಂಚನಾಳ ಪಾಲಿಗೆ ಬಂತು.

ಅವಳು ಹೊಲಿದಳು. ಆದರೆ ಕಿವಿ ಮಾತ್ರ ಆ ಕೋಣೆಯಲ್ಲಿತ್ತು.

"ಬಸು, ಇನ್ನೂ ಸ್ವಲ್ಪ ಹಸಿರು ಕೊಡಿ... ಅಯ್ಯೋ, ಇಷ್ಟಲ್ಲ ರೀ! ಗಿಣಿ ಮಾಡೋಕೆ ಹೋಗಿ ಹಾಗಲಕಾಯಿ ಮಾಡಿಬಿಡ್ತೀರ!"

ಅವನ ನಗು ಕೇಳಿಸಿತು.

ನಗು! ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನವೂ ಅವಳು ಕಾಣದ ನಗು!

ಸೂಜಿ ಬೆರಳಿಗೆ ಚುಚ್ಚಿತು. ರಕ್ತದ ಹನಿ ಮೂಡಿತು. ಕಾಂಚನಾ ಬೆರಳನ್ನು ಬಾಯಲ್ಲಿಟ್ಟುಕೊಂಡಳು.

"ಏನಾತ ವೈನಿ?" ಎಂದ ಶಶಿಕಾಂತ್.

"ಏನಿಲ್ಲ. ಹಕ್ಕಿ ಕಚ್ಚಿತು."

ಮಧ್ಯಾಹ್ನ ಚಹಾಕ್ಕೆ ಅವಳೇ ಎದ್ದಳು. ಅಡುಗೆಮನೆಯ ಬಾಗಿಲಿಗೆ ಬಂದು ಬಸವಕುಮಾರ್ ತಗ್ಗಿದ ದನಿಯಲ್ಲಿ ಹೇಳಿದ, "ಗಗನಾಗ ಸಕ್ರಿ ಹಾಕಬ್ಯಾಡ. ಅಕಿ ಸಕ್ರಿ ಇಲ್ಲದ್ದ ಕುಡೀತಾಳ."

ಕಾಂಚನಾ ತಿರುಗಿ ನೋಡಲೂ ಇಲ್ಲ.

'ಉಪ್ಪಿಟ್ಟಿನ್ಯಾಗಿನ ಬಟಾಣಿ ನನಗ ಸೇರಂಗಿಲ್ಲ ಅನ್ನೂದು ತಿಳಿಯಾಕ ಇವರಿಗೆ ಎರಡ ವರ್ಷ ಹಿಡೀತು... ಅಕಿ ಸಕ್ರಿ ಮಾತ್ರ ಒಂದ ದಿನದಾಗ ಗೊತ್ತಾತು!'

ಸಕ್ಕರೆ ಡಬ್ಬಿ ತೆಗೆದಳು. ಗಗನಾಳ ಕಪ್ಪಿಗೆ ಒಂದು ಚಮಚ... ಎರಡು... ಮೂರು... ನಾಲ್ಕು! ಚೆನ್ನಾಗಿ ಕದಡಿ ತಾನೇ ಒಯ್ದು ಕೊಟ್ಟಳು.

ಗಗನಾ ಒಂದು ಗುಟುಕು ಕುಡಿದು ಕಾಂಚನಾಳ ಮುಖ ನೋಡಿದಳು. ಆಮೇಲೆ ಪೂರ್ತಿ ಕುಡಿದು, "ಥ್ಯಾಂಕ್ಸ್ ಅಕ್ಕ," ಎಂದಳು.

ಗೆದ್ದ ಖುಷಿ ಯಾಕೋ ಕಾಂಚನಾಳಿಗೆ ಸಿಗಲಿಲ್ಲ.

ಸಂಜೆ ಹೊಲಿದ ಹಕ್ಕಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಅವಳು ಕೋಣೆಗೆ ಹೋದಾಗ ಕಂಡದ್ದೇನು? ಬಸವಕುಮಾರ್ ಬಣ್ಣದ ತಟ್ಟೆ ಹಿಡಿದು ನಿಂತಿದ್ದಾನೆ. ಗಗನಾ ಒದ್ದೆ ಬಟ್ಟೆಯಿಂದ ಅವನ ಕೆನ್ನೆ ಒರೆಸುತ್ತಿದ್ದಾಳೆ!

"ಅಲ್ಲಾಡಬೇಡಿ ಬಸು, ಕಣ್ಣಿಗೆ ಹೋಗುತ್ತೆ..."

"ಸಾಕು ಮಾಡ್ರಿ!"

ತಟ್ಟೆಯ ಹಕ್ಕಿಗಳೆಲ್ಲ ನೆಲಕ್ಕೆ ಬಿದ್ದವು. ಕಾಂಚನಾಳ ದನಿ ಏರಿತು.

"ತಮ್ಮನ ಕೂಸಿಗೆ ಗ್ವಾಡಿ ತುಂಬ ಗಿಣಿ! ನಗೂದೇನು, ಆಡೂದೇನು... ಭಾಳ ಛಲೋ! ನಮ್ಮ ಕೂಸು ಹೋದಾಗ ನಿಮ್ಮ ಕಣ್ಣಾಗ ಒಂದ ಹನಿ ನೀರ ಬಂತೇನ್ರಿ? ಒಂದ... ಒಂದ ಹನಿ?"

ಬಾಗಿಲಿಗೆ ಓಡಿ ಬಂದ ಶಶಿಕಾಂತ್ ಅಲ್ಲೇ ನಿಂತ. ರುದ್ರವ್ವ ಸೂಜಿ ಹಿಡಿದ ಕೈಯಲ್ಲೇ ಎದ್ದು ಬಂದಳು.

ಬಸವಕುಮಾರ್ ಬಣ್ಣದ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಬಿದ್ದ ಹಕ್ಕಿಗಳನ್ನು ಒಂದೊಂದಾಗಿ ಆರಿಸಿ ಅವಳ ತಟ್ಟೆಗೆ ಹಾಕಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಒಂದು ಮಾತಾದರೂ ಆಡಬಾರದೆ? ಬೈಯಬಾರದೆ? ಕಾಂಚನಾ ಅಡುಗೆಮನೆಗೆ ಓಡಿಹೋಗಿ ಗ್ಯಾಸ್ ಕಟ್ಟೆ ಹಿಡಿದು ನಿಂತಳು.

ಸ್ವಲ್ಪ ಹೊತ್ತಿನ ಮೇಲೆ ರುದ್ರವ್ವ ಬಂದಳು. ಬೈಯುತ್ತಾಳೆ ಎಂದುಕೊಂಡರೆ, ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು.

"ಖೋಲಿ ಕೊಡಂತ ಅಂವಗ ಯಾರೂ ಕೇಳಲಿಲ್ಲವಾ. ತಾನ ಅಂದ, 'ಶಶಿ, ಆ ಖೋಲಿ ನೀ ತೊಗೊ, ನನ್ನ ಕಡಿಂದ ಅಲ್ಲಿ ಮಲಗೂದ ಆಗಂಗಿಲ್ಲ' ಅಂತ. ನೀ ಹೋದ ದಿನದಿಂದ ಅಂವ ಅಲ್ಲಿ ಮಲಗೇ ಇಲ್ಲ. ಹಾಲ್‌ನ್ಯಾಗ ಚಾಪಿ ಹಾಸ್ಕೊಂಡು, ಬಾಗಲಾ ಕಡೆ ಮುಖಾ ಮಾಡಿ ಮಲಗ್ತಾನ."

"ಹಂಗಾದ್ರ ಕಲ್ಯಾಣಕ್ಕ ಯಾಕ ಬರಲಿಲ್ಲ ಅತ್ತಿ? ಒಂದ ಸಲ... ಒಂದ ಸಲರ ಬರಬೇಕಿಲ್ಲೋ?"

ರುದ್ರವ್ವ ಸೊಸೆಯ ಕಣ್ಣೊರೆಸಿದಳು. "ಅದನ್ನ ಅಂವನ್ನ ಕೇಳು," ಎಂದಳು.

ಆದರೆ ಕೇಳುವ ಧೈರ್ಯ ಆ ದಿನ ಕಾಂಚನಾಳಿಗೆ ಬರಲಿಲ್ಲ.

* * *

ಐತವಾರ ಬೆಳಿಗ್ಗೆ ಮೊದಲು ಬಂದವಳು ಗಗನಾ!

ಇಷ್ಟೆಲ್ಲ ಆದ ಮೇಲೆ ಅವಳು ಇತ್ತ ತಲೆ ಹಾಕುವುದಿಲ್ಲ ಎಂದೇ ಕಾಂಚನಾ ಎಣಿಸಿದ್ದಳು. ಸೀವುಡ್ಸ್‌ನಿಂದ ಹೊರಟು, ಥಾಣೆಯಲ್ಲಿ ಗಾಡಿ ಬದಲಿಸಿ, ಬೆಳಗಿನ ತಿಂಡಿಗೂ ಮುಂಚೆ ಸ್ಟೂಲ್ ಹತ್ತಿ ನಿಂತಿದ್ದಳು ಹುಡುಗಿ.

ಕಾಂಚನಾ ಒಂದು ಕಪ್ ಚಹಾ ತೆಗೆದುಕೊಂಡು ಹೋದಳು.

"ಸಕ್ರಿ ಹಾಕಿಲ್ಲ," ಎಂದಳು, ನೆಲ ನೋಡುತ್ತ.

ಗಗನಾ ಕೆಳಗಿಳಿದು ನಕ್ಕಳು. "ನಿನ್ನೆ ಮೊದಲ ಗುಟುಕಿಗೇ ಗೊತ್ತಾಯ್ತು ಅಕ್ಕ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಉಪ್ಪು ಹಾಕ್ತಿದ್ದೆ!"

ಕಾಂಚನಾಳ ಮುಖ ಕೆಂಪಾಯಿತು.

"ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ. ಈ ಗೋಡೆ ತಾನೇ ಬಳೀತೀನಿ ಅಂತ ಅವರೇ ಬಣ್ಣ ತಂದಿದ್ದಂತೆ. ಬ್ರಷ್ ಕೈಗೆ ತಗೊಂಡ್ರೆ ಕೈ ನಡುಗೋಕೆ ಶುರುವಾಯ್ತಂತೆ. ಅದಕ್ಕೇ ಶಶಿ ನನ್ನ ಕರೆದಿದ್ದು. ನಿನ್ನೆ ನಾನೂ ನೋಡಿದೆ. 'ಡಬ್ಬಿ ಹಿಡೀತೀನಿ, ಬಣ್ಣ ಕಲಸ್ತೀನಿ, ಬ್ರಷ್ ಮಾತ್ರ ಕೊಡಬೇಡ' ಅಂದ್ರು. ಮುಖ ನೋಡೋಕಾಗ್ತಿರಲಿಲ್ಲ. ಅದಕ್ಕೇ ನಾನು ಪೆದ್ದು ಪೆದ್ದಾಗಿ ಜೋಕ್ ಹೇಳಿ ನಗಿಸ್ತಿದ್ದೆ. ನನಗೆ ಒಳಗಿನ ವಿಷಯ ಏನೂ ಗೊತ್ತಿರಲಿಲ್ಲ ಅಕ್ಕ... ಗೊತ್ತಿದ್ದಿದ್ರೆ ಅಷ್ಟು ಜೋರಾಗಿ ನಗ್ತಿರಲಿಲ್ಲ."

ಕಾಂಚನಾ ಕೈಯಲ್ಲಿದ್ದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಕೈ ನಡುಗಿತೇ? ಅವನ ಕೈಯೇ? ಕಾರ್ಖಾನೆಯಲ್ಲಿ ಕಾದ ಕಬ್ಬಿಣದ ಎದುರು ನಿಂತರೂ ಅಲುಗದ ಆ ಕೈಯೇ?

"ಮತ್ತ..." ಎಂದಳು ಕೊನೆಗೆ. "ಬಸು ಅಂತ ಯಾಕ ಕರೀತಿ?"

"ಶಶಿ ಬಾಯಲ್ಲಿ ಕೇಳಿ ಕೇಳಿ ಅದೇ ರೂಢಿ ಆಯ್ತು. ಬೇಡ ಅಂದ್ರೆ ಬಿಡ್ತೀನಿ."

ಕಾಂಚನಾ ಒಂದು ಕ್ಷಣ ಯೋಚಿಸಿದಳು. "ಬಸು ಅಣ್ಣಾ ಅನ್ನು."

ಗಗನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಂಚನಾಳ ತುಟಿಯೂ ಅಲುಗಿತು. ಅವಳು ಸೆರಗು ಸಿಕ್ಕಿಸಿ, ಕೆಳಗಿದ್ದ ಇನ್ನೊಂದು ಬ್ರಷ್ ಎತ್ತಿಕೊಂಡಳು.

"ಗಿಣಿ ಕೊಕ್ಕಿಗೆ ಯಾವ ಬಣ್ಣ?"

* * *

ಮಧ್ಯಾಹ್ನದ ಹೊತ್ತಿಗೆ ಥಾಣೆಯಿಂದ ಕಾರು ಬಂತು. ಕೂಸನ್ನೆತ್ತಿಕೊಂಡು ಪೂನಂ, ಅವಳ ಜೊತೆಗೆ ಅವಳ ತಾಯಿಯ ತಂಗಿ ನಾಗವೇಣಿ ಮೌಶಿ. ಮೆಟ್ಟಿಲ ತುಂಬ ಅಕ್ಕಪಕ್ಕದವರು.

ಕಾಂಚನಾ ಆರತಿ ತಟ್ಟೆ ಹಿಡಿದು ಹೊಸ್ತಿಲ ಒಳಗೆ ನಿಂತಿದ್ದಳು. ಬಿಳಿ ಬಟ್ಟೆಯೊಳಗಿಂದ ಪುಟ್ಟದೊಂದು ಮುಷ್ಟಿ ಹೊರಗೆ ಚಾಚಿತ್ತು...

ತನ್ನ ಕೂಸೂ ಇದ್ದಿದ್ದರೆ ಇದಕ್ಕಿಂತ ಚೂರು ಚಿಕ್ಕದಿರುತ್ತಿತ್ತು.

ಹೊಟ್ಟೆಯೊಳಗೆ ಬೆಂಕಿ ಬಿದ್ದಂತೆ ಅಸೂಯೆ. ಆ ಅಸೂಯೆಗೇ ನಾಚಿಕೆ. ಎರಡೂ ಒಟ್ಟಿಗೆ!

ಆಗಲೇ ನಾಗವೇಣಿ ಮೌಶಿ ಮೆಲ್ಲಗೆ ಎನ್ನುವಂತೆ, ಆದರೆ ಎಲ್ಲರಿಗೂ ಕೇಳಿಸುವಂತೆ ಹೇಳಿದಳು, "ರುದ್ರವ್ವಾರ, ತಪ್ಪ ತಿಳೀಬ್ಯಾಡ್ರಿ. ಮಕ್ಕಳ ತಾಯಿ ಯಾರರ ಬೆಳಗಿದ್ರ ಛಲೋ ಇರ್ತಿತ್ತು. ಎಳಿ ಕೂಸು... ದೃಷ್ಟಿ ಅಂತ ಒಂದ ಇರ್ತೈತಲ್ಲ?"

ತಟ್ಟೆಯ ದೀಪ ಅಲುಗಿತು.

'ಇವರಿಗೆ ಕಂಡಿತೇನು? ನನ್ನ ಹೊಟ್ಟಿಯೊಳಗಿಂದು ಇವರಿಗೆ ಕಂಡಿತೇನು?'

ಕಾಂಚನಾ ಬಗ್ಗಿ ತಟ್ಟೆಯನ್ನು ನೆಲಕ್ಕಿಡಲು ಹೋದಳು.

"ಕಾಂಚೀ, ಇಡಬ್ಯಾಡ!"

ಬಸವಕುಮಾರನ ದನಿ. ಅವನು ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವಳ ಪಕ್ಕಕ್ಕೆ ನಿಂತ.

"ಮೌಶಿ, ನೀವು ದೊಡ್ಡವರು. ಆದರೂ ಹೇಳ್ತೀನಿ. ಅಕಿನೂ ತಾಯಿನ. ಐದ ತಿಂಗಳ ಹೊತ್ತಾಳ. ನಮ್ಮ ಕೂಸು... ನಮ್ಮ ಕೂಸು ಕೈಗೆ ಬರಲಿಲ್ಲ ಅಷ್ಟ. ತಾಯಿ ಅಲ್ಲ ಅನ್ನಬ್ಯಾಡ್ರಿ ಅಕಿಗೆ."

'ನಮ್ಮ ಕೂಸು' ಎನ್ನುವಲ್ಲಿ ಅವನ ದನಿ ಒಡೆಯಿತು. ಕಾಂಚನಾ ತಲೆಯೆತ್ತಿ ನೋಡಿದಳು.

ಅವನು ಅಳುತ್ತಿದ್ದ! ಇಷ್ಟು ಜನರ ಎದುರಿಗೆ, ಮುಖ ಮುಚ್ಚಿಕೊಳ್ಳದೆ, ಮೂಗು ಒರೆಸಿಕೊಳ್ಳದೆ, ಕೂಸಿನ ಹಾಗೆ ಅಳುತ್ತಿದ್ದ.

"ಮೌಶಿ, ಪುರೇ ಆತಾ, ಸಾಕು!" ಎಂದಳು ಹೊರಗಿನಿಂದ ಪೂನಂ. ಥಾಣೆಯಲ್ಲೇ ಹುಟ್ಟಿ ಬೆಳೆದವಳು. ಸಿಟ್ಟು ಬಂದರೆ ಮೂರು ಭಾಷೆ ಒಟ್ಟಿಗೆ ಬರುತ್ತಿತ್ತು. "ಅಕ್ಕಾನ ಆರತಿ ಕರೇಗಿ. ನಹೀ ತೋ ನಾ ಒಳಗ ಬರಾಂಗಿಲ್ಲ. ಇಲ್ಲೇ ಮೆಟ್ಟಲ ಮ್ಯಾಲ ಕೂಡ್ತೀನಿ!"

ರುದ್ರವ್ವ ಸೊಸೆಯ ಮೊಣಕೈ ಹಿಡಿದಳು. "ಬೆಳಗವಾ."

ಕಾಂಚನಾ ಬೆಳಗಿದಳು. ಕಣ್ಣ ತುಂಬ ನೀರಿದ್ದುದರಿಂದ ಒಂದು ದೀಪ ಹತ್ತಾಗಿ ಕಾಣುತ್ತಿತ್ತು.

ಒಳಗೆ, ಹಳದಿ ಕೋಣೆಯಲ್ಲಿ, ಪೂನಂ ಯಾರನ್ನೂ ಕೇಳದೆ ಕೂಸನ್ನು ಅವಳ ಮಡಿಲಿಗೆ ಹಾಕಿಬಿಟ್ಟಳು.

"ಅಕ್ಕಾ, ಸಚ್ ಬೋಲೂ, ಖರೇ ಹೇಳ್ಲಿ? ನನಗ ಹೆದರಿಕಿ ಆಗಿತ್ತು. ನನ್ನ ಆವಾಜ ಕೇಳಿ ನೀವು ಅಳ್ತೀರಿ ಅಂತ ಫೋನ ಮಾಡಲಿಲ್ಲ. ಸಾರಿ."

ಕೂಸು ಬೆಚ್ಚಗಿತ್ತು. ಕಾಂಚನಾ ಎಣಿಸಿದ್ದಕ್ಕಿಂತ ಭಾರವಾಗಿತ್ತು.

"ನನಗ ಹೊಟ್ಟಿಕಿಚ್ಚ ಆಗಿತ್ತು ಪೂನಂ," ಎಂದಳು ಅವಳು, ಸತ್ಯವನ್ನೇ. "ಈಗೂ ಐತಿ... ಸ್ವಲ್ಪ."

"ಪತಾ ಹೈ, ಗೊತ್ತದ," ಎಂದು ಪೂನಂ ಅವಳ ಭುಜಕ್ಕೆ ತಲೆಯಾನಿಸಿದಳು. "ಇರ್ಲಿ ಬಿಡ್ರಿ. ಎಷ್ಟ ದಿನ ಇರ್ತದ, ಇರ್ಲಿ."

ಕಾಂಚನಾ ಕೂಸಿನ ಹಣೆಗೆ ಮುತ್ತಿಟ್ಟಳು. ಆಮೇಲೆ ಬಾಗಿಲ ಕಡೆ ನೋಡಿದಳು. ಅಲ್ಲಿ ನಿಂತಿದ್ದ ಬಸವಕುಮಾರ್ ಅಷ್ಟರಲ್ಲಿ ಮುಖ ತಿರುಗಿಸಿ ಹೋಗಿದ್ದ.

* * *

ಸಂಜೆ ಅವಳು ಬ್ಯಾಗ್ ಎತ್ತಿಕೊಂಡಳು. ಮರುದಿನ ಸೋಮವಾರ, ಅವಳು ಥಾಣೆಯ ಆಫೀಸಿಗೆ ಕೆಲಸಕ್ಕೆ ಹೋಗಬೇಕು; ಬಟ್ಟೆಬರೆಯೆಲ್ಲ ಕಲ್ಯಾಣದಲ್ಲಿತ್ತು.

"ಸ್ಟೇಷನ್ ತನಕ ಬಿಟ್ಟು ಬರ್ತೀನಿ," ಎಂದ ಬಸವಕುಮಾರ್. ಸ್ಕೂಟರ್ ಹೊರಗೆ ತೆಗೆದ.

ಡೊಂಬಿವಲಿ ಪ್ಲಾಟ್‌ಫಾರ್ಮ್‌ನಲ್ಲಿ ರಜಾದಿನದ ಜನ. ವಡಾಪಾವ್ ಕರಿಯುವ ವಾಸನೆ, ಮಕ್ಕಳ ಕೈಯಲ್ಲಿ ಬಲೂನು. ಕಲ್ಯಾಣದ ಗಾಡಿ ಬಂತು. ಅವಳು ಹತ್ತಲಿಲ್ಲ. ಗಾಡಿ ಹೋಯಿತು.

"ನಿಮ್ಮ ಕೈ ನಡುಗತಾವಂತ," ಎಂದಳು ಕಾಂಚನಾ.

ಅವನು ಬೆಚ್ಚಿ ನೋಡಿದ. ಬೆಂಚಿನ ಮೇಲೆ ಕೂತ.

"ಅವ್ವ ಬ್ಯಾಡ ಅಂದ್ರೂ ನಾ ನೀಲಿ ಬಳದೆ, ಕಾಂಚಿ. ಕೂಸು ಹುಟ್ಟೂಕಿಂತ ಮೊದಲ. ಹುಚ್ಚನಂಗ. ಆಮೇಲೆ ಹಿಂಗಾತು... ನನ್ನಿಂದನ ಆತು ಅಂತ ತಲ್ಯಾಗ ಕೂತುಬಿಡ್ತು."

"ರೀ! ಏನ ಮಾತ ಇದು? ಡಾಕ್ಟರ್ ಹೇಳಿದ್ದು ನೀವೂ ಕೇಳಿದ್ರಿ. ಅದಕ್ಕೂ ಇದಕ್ಕೂ ಏನ ಸಂಬಂಧ?"

"ತಲಿಗೆ ಗೊತ್ತೈತಿ. ಕೈಗೆ ಗೊತ್ತಾಗವಲ್ದು." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ನೀ ಅಳುವಾಗ ನನಗ ಏನ ಅನಸ್ತಿತ್ತು ಗೊತ್ತೇನು? ಅಕಿ ಕೂಸು ಕಳದಾಂವ ನಾನ, ಅಕಿ ಮುಂದ ಅಳಾಕ ನನಗ್ಯಾವ ಹಕ್ಕೈತಿ ಅಂತ. ಅದಕ್ಕ ಅಳಲಿಲ್ಲ. ಡ್ಯೂಟಿಗೆ ಹೋಗಿ ಮಶೀನ್ ಹಿಂದ ನಿಂತು ಅಳತಿದ್ದೆ. ಆ ಗದ್ದಲದಾಗ ಯಾರಿಗೂ ಕೇಳಸಂಗಿಲ್ಲ."

ಕಾಂಚನಾ ಅವನ ಪಕ್ಕದಲ್ಲಿ ಕೂತಳು. ಅವನು ಕಲ್ಲಿನಂತೆ ಕೂತಿದ್ದ ಆ ದಿನಗಳೆಲ್ಲ ಅವನೂ ತನ್ನ ಹಾಗೆಯೇ ಬೆಂದಿದ್ದನೇ? ಒಂದೇ ಮಂಚದ ಎರಡು ತುದಿಯಲ್ಲಿ?

"ಹೇಳಬೇಕಿಲ್ಲೋ ನನಗ..."

"ಹೇಳಿದ್ರ ನೀನೂ 'ಹೌದು, ನಿಮ್ಮಿಂದನ' ಅಂದ್ರ? ಆ ಹೆದರಿಕಿ."

"ಮತ್ತ ಕಲ್ಯಾಣಕ್ಕ ಯಾಕ ಬರಲಿಲ್ಲ?" ಅವಳು ಕೇಳಿದಳು. "ದಿನಾ ಸಂಜಿಕ ಗ್ಯಾಲರ್‍ಯಾಗ ನಿಂತು ದಾರಿ ನೋಡಿದೆ..."

"ನೀನ ಬರಬ್ಯಾಡ ಅಂದಿದ್ದಿ. ಮುಖಾ ತೋರಿಸಬ್ಯಾಡ ಅಂದಿ."

"ಅಂದ್ರ? ಅಂದ್ರ ಬಿಟ್ಟ ಬಿಡೂದೇನ್ರಿ? ಸಿಟ್ಟಿನ್ಯಾಗ ಹೆಂಡತಿ ಅಂದದ್ದನ್ನೆಲ್ಲಾ ಖರೇ ಅಂತ ತಿಳ್ಕೊಳ್ಳೂದೇನ್ರಿ? ನಿಮಗ... ನಿಮಗ ಅಷ್ಟೂ ತಿಳಿಯಂಗಿಲ್ಲೇನ್ರಿ?"

ಮಾತು ಮುಗಿಯುವ ಮೊದಲೇ ಅಳು ಬಂತು. ಬಸವಕುಮಾರ್ ಸುತ್ತಲಿನ ಜನರನ್ನು ಮರೆತು ಅವಳ ಎರಡೂ ಕೈ ಹಿಡಿದುಕೊಂಡ.

"ತಪ್ಪಾತು ಕಾಂಚಿ. ನೀ ಇಲ್ಲದ ನನ್ನ ಕಡಿಂದ ಆಗವಲ್ದು. ಮಂದಿ ಮುಂದ ಹೇಳಾಕ ಬರಂಗಿಲ್ಲ ನನಗ, ನಿನ್ನ ಮುಂದ ಸೈತ ಹೇಳಾಕ ಬರಲಿಲ್ಲ. ಈಗ ಹೇಳ್ತೀನಿ. ಅತ್ತರ ಇಬ್ಬರೂ ಕೂಡಿ ಅಳೂಣು. ನನ್ನ ಬಿಟ್ಟು ಒಬ್ಬಾಕಿನ ಹೋಗಬ್ಯಾಡ... ಇಲ್ಲಾಂದ್ರ ನನ್ನೂ ಕರಕೊಂಡು ಹೋಗು."

"ನಾನೂ ತಪ್ಪ ಮಾಡಿದೆ," ಎಂದಳು ಅವಳು, ಅಳುವಿನ ನಡುವೆ. "ಆ ಹುಡುಗಿ ಚಹಾಕ್ಕ ನಾಕ ಚಮಚ ಸಕ್ರಿ ಹಾಕೀನಿ."

ಅವನು ಅರೆಕ್ಷಣ ಅರ್ಥವಾಗದೆ ನೋಡಿದ. ಆಮೇಲೆ ನಕ್ಕ. ಕಣ್ಣೀರಿನ ಜೊತೆಯಲ್ಲೇ ಬಂದ ನಗು, ಅವಳಿಗಾಗಿಯೇ ಬಂದ ನಗು!

"ಹೊಟ್ಟಿಕಿಚ್ಚೇನ?"

"ಹೂಂ. ಮತ್ತ? ನನ್ನ ಗಂಡನ ಗಲ್ಲ ಅಕಿ ಯಾಕ ಒರಸಬೇಕು?"

ಇನ್ನೊಂದು ಕಲ್ಯಾಣ ಲೋಕಲ್ ಬರುವ ಸದ್ದಾಯಿತು. ಕಾಂಚನಾ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು.

"ನಡೀರಿ."

"ಎಲ್ಲಿಗೆ?"

"ನಮ್ಮವ್ವನ ಮನಿಗೆ. ನನ್ನ ಅರಬಿ ಅಂಚಡಿ ಎಲ್ಲಾ ಅಲ್ಲೇ ಅದಾವ. ಇಬ್ಬರೂ ಹೋಗಿ ತರೂಣು. ಒಬ್ಬಾಕಿ ಕಡಿಂದ ಹೊರೂದ ಆಗಂಗಿಲ್ಲ."

ಅವನ ಮುಖದಲ್ಲಿ ಮೂಡಿದ್ದನ್ನು ನೋಡಿ ಅವಳಿಗೆ ಮತ್ತೆ ಅಳು ಬರುವಂತಾಯಿತು. ಗಾಡಿ ಬಂದು ನಿಂತಿತು. ಜನ ನುಗ್ಗಿದರು.

"ಲೇಡೀಸ್ ಡಬ್ಬಾ ಮುಂದೈತಿ ನೋಡು," ಎಂದ ಅವನು ಗಾಬರಿಯಿಂದ. "ಇಲ್ಲಿ ಭಾಳ ಗರ್ದಿ ಐತಿ..."

"ಇರ್ಲಿ. ಇವತ್ತ ನಿಮ್ಮ ಜೋಡಿನ ಬರ್ತೀನಿ. ಕೈ ಬಿಡಬ್ಯಾಡ್ರಿ."

"ಬಿಡಂಗಿಲ್ಲ."

ಅವಳು ಒಂದು ಕಾಲು ಗಾಡಿಯ ಮೇಲಿಟ್ಟು ತಿರುಗಿ ನೋಡಿದಳು.

"ನಾ ಬಿಡ್ರಿ ಅಂದ್ರೂ?"

ಬಸವಕುಮಾರ್ ಅವಳ ಹಿಂದೆಯೇ ಹತ್ತಿ, ನೂಕುನುಗ್ಗಲಿನಲ್ಲಿ ಅವಳ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ನೀ ಬಿಡ್ರಿ ಅಂದ್ರೂ."